ನಮ್ಮ ಹತ್ತಿಗೆ ಹೆಸರು ಕೊಟ್ಟ ಬಂದರು

ನಮ್ಮ ಕಡೆಯ ರೈತರಿಗೆ ಅದು ಜವಾರಿ ಹತ್ತಿ. ವ್ಯಾಪಾರಿಗಳ ಲೆಕ್ಕದಲ್ಲಿ ಮಾತ್ರ ‘ಕುಮಟಾ ಹತ್ತಿ’. ಬೆಳೆಯುತ್ತಿದ್ದುದು ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಎರೆಹೊಲಗಳಲ್ಲಿ. ಹೆಸರು ಘಟ್ಟದ ಕೆಳಗೆ, ಗದಗಿನಿಂದ ಇನ್ನೂರು ಕಿಲೋಮೀಟರಿಗೂ ದೂರದ ಒಂದು ಊರಿನದು. ತೆಂಗು, ಭತ್ತ, ಮೀನು ಬಿಟ್ಟು ಬೇರೆ ಮಾತಿಲ್ಲದ ಆ ಊರಿಗೆ ನಮ್ಮ ಹತ್ತಿಯ ಮೇಲೆ ಏನು ಹಕ್ಕು? ಅದನ್ನು ನೋಡಿಕೊಂಡು ಬರೋಣವೆಂದು ಒಂದು ಬೆಳಗ್ಗೆ ಹುಬ್ಬಳ್ಳಿ, ಶಿರಸಿ ದಾಟಿ ದೇವಿಮನೆ ಘಟ್ಟ ಇಳಿದೆ.

ಕುಮಟಾ ಬಸ್ ನಿಲ್ದಾಣದ ಹೊರಗೆ ಆಟೋದವನು ಕೇಳಿದ: “ಬೀಚಿಗಾ?”

“ಅಲ್ರೀ, ಹಳೇ ಬಂದರಕ್ಕ.”

“ಅಲ್ಲಿ ಎಂತ ಇದೆ ಮಾರಾಯ್ರೆ ನೋಡ್ಲಿಕ್ಕೆ?”

ಹೆಡ್ ಬಂದರ್‌ನಲ್ಲಿ ಇಳಿದಾಗ ಅವನು ಹೇಳಿದ್ದು ಅರ್ಧ ನಿಜವೆನಿಸಿತು. ಇಳಿತದ ಹೊತ್ತು. ಕೆಸರಿನ ಮೇಲೆ ದೋಣಿಗಳು ಓರೆಯಾಗಿ ಒರಗಿದ್ದವು. ಅಳಿವೆಯ ಬಾಯಲ್ಲಿ ನೀರು ಸಣ್ಣಗೆ ಹರಿಯುತ್ತಿತ್ತು. ಒಣಮೀನಿನ ವಾಸನೆ, ಕಾಗೆಗಳ ಗದ್ದಲ, ಬಿಸಿಲು. ಒಂದು ಕಾಲಕ್ಕೆ ಲಿವರ್‌ಪೂಲಿನ ಮಾರುಕಟ್ಟೆಯಲ್ಲಿ ಈ ಊರಿನ ಹೆಸರು ಹೇಳಿ ಹತ್ತಿ ಮಾರುತ್ತಿದ್ದರೆಂದರೆ ಅಲ್ಲಿದ್ದ ಕಾಗೆಯೂ ನಂಬುವಂತಿರಲಿಲ್ಲ.

ಇತಿಹಾಸ ಚುಟುಕಾಗಿ ಹೀಗಿದೆ. ಈ ತೀರಕ್ಕೆ ಮೊದಲು ಹೆಸರು ತಂದದ್ದು ಕಾಳುಮೆಣಸು. ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡ ಮಿರ್ಜಾನ್ ಕೋಟೆ ಇದೇ ತಾಲ್ಲೂಕಿನಲ್ಲಿದೆ. ಆಮೇಲೆ ಹತ್ತಿಯ ಸರದಿ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಿತು. ಮ್ಯಾಂಚೆಸ್ಟರಿನ ಗಿರಣಿಗಳು ಧಾರವಾಡ ಸೀಮೆಯತ್ತ ನೋಡಿದವು. ಇಲ್ಲಿಯ ಹತ್ತಿ ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಲ್ಲಿ ಹಡಗು ಏರುತ್ತಿತ್ತು, ಹೆಸರು ಅಂಟಿದ್ದು ಹಾಗೆ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಹತ್ತಿ ವ್ಯಾಪಾರಿಗಳ ಒತ್ತಾಯವಿತ್ತು. ಬೆಲೆ ಏರಿದಂತೆ ಕಲಬೆರಕೆಯೂ ಏರಿ, ಮುಂಬೈ ಸರ್ಕಾರ 1863ರಲ್ಲಿ ಹತ್ತಿ ಮೋಸದ ವಿರುದ್ಧ ಕಾಯ್ದೆಯನ್ನೇ ಮಾಡಬೇಕಾಯಿತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು. 1884ರಲ್ಲಿ ಹೊಟಗಿಯಿಂದ ಗದಗಿಗೆ ರೈಲು ಬಂತು. ಕೆಲವೇ ವರ್ಷದಲ್ಲಿ ಹಳಿ ಮರ್ಮಗೋವಾ ಮುಟ್ಟಿತು. ಚಕ್ಕಡಿಗಳು ಘಟ್ಟ ಇಳಿಯುವ ಕಾರಣವೇ ಉಳಿಯಲಿಲ್ಲ.

ಆ ಚಕ್ಕಡಿಗಳ ಲೆಕ್ಕಾಚಾರ ನಮ್ಮವರಿಗೆ ಬೇಗ ಅರ್ಥವಾಗುತ್ತದೆ. ಜವಾರಿ ಹತ್ತಿ ಮಳೆಯಾಶ್ರಿತ ಬೆಳೆ. ಮಳೆಗಾಲದ ಕೊನೆಗೆ ಬಿತ್ತಿದರೆ ಕಾಯಿ ಒಡೆಯುವ ಹೊತ್ತಿಗೆ ಬೇಸಿಗೆ ಬಾಗಿಲಿಗೆ ಬಂದಿರುತ್ತದೆ. ಅತ್ತ ಮುಂಗಾರು ಹಿಡಿದರೆ ಬಂದರು ಬಂದ್. ಬಿಡಿಸುವುದು, ಅರಳೆ ಮಾಡುವುದು, ಅಂಡಿಗೆ ಕಟ್ಟುವುದು, ಘಟ್ಟ ಇಳಿಸುವುದು, ಸಣ್ಣ ದೋಣಿಯಲ್ಲಿ ಒಯ್ದು ಆಚೆ ನಿಂತ ಹಡಗಿಗೆ ಏರಿಸುವುದು, ಎಲ್ಲವೂ ಆ ಎರಡರ ನಡುವಿನ ಕೆಲವೇ ವಾರಗಳಲ್ಲಿ ಮುಗಿಯಬೇಕು. ಲಕ್ಷ್ಮೇಶ್ವರ ಆಗ ಮಿರಜ್ ಸಂಸ್ಥಾನದ್ದು, ಶಿರಹಟ್ಟಿ ಸಾಂಗ್ಲಿಯದು, ಗದಗ ಬ್ರಿಟಿಷರದು. ಆಳುವವರು ಮೂವರಾದರೂ ಹತ್ತಿ ಇಳಿಯುವ ಕಡಲು ಒಂದೇ. ಹೊರಳಿ ಬರುವಾಗ ಚಕ್ಕಡಿಯಲ್ಲಿ ಉಪ್ಪು, ತೆಂಗಿನಕಾಯಿ.

ದಂಡೆಯ ಮೇಲೆ ತೆಂಗಿನ ನೆರಳಿನಲ್ಲಿ ಒಬ್ಬ ಹಿರಿಯರು ಬಲೆ ರಿಪೇರಿ ಮಾಡುತ್ತ ಕೂತಿದ್ದರು. ಎಂಬತ್ತರ ಆಸುಪಾಸು. ಕಾಲಿನ ಹೆಬ್ಬೆರಳಿಗೆ ಬಲೆಯ ಅಂಚು ಸಿಕ್ಕಿಸಿ ಬಿಗಿ ಹಿಡಿದು, ಪ್ಲಾಸ್ಟಿಕ್ ಸೂಜಿಯನ್ನು ಒಳಗೆ ತೂರಿಸಿ, ಸುತ್ತಿ, ಎಳೆದು ಗಂಟು ಹಾಕುತ್ತಿದ್ದರು. ಹರಿದ ಜಾಗದಲ್ಲಿ ಕಣ್ಣು ಒಂದೊಂದಾಗಿ ಮೂಡುತ್ತಿತ್ತು. ನಾನು ಗದಗಿನ ಬೆಟಗೇರಿಯ ಮಗ್ಗದ ಓಣಿಯಲ್ಲಿ ಓಡಾಡಿದವನು. ಅಲ್ಲಿ ಹೆಣ್ಣುಮಕ್ಕಳು ಹಳೆಯ ಹಾಸಿನ ತುದಿಗೆ ಹೊಸ ಎಳೆ ಕೆಚ್ಚುವಾಗ ಬೆರಳು ಹೀಗೇ ಆಡುವುದನ್ನು ನೋಡಿದ್ದೇನೆ. ಕಣ್ಣು ಬೇರೆ ಎಲ್ಲೋ ಇರುತ್ತದೆ, ಕೈ ತನ್ನ ಪಾಡಿಗೆ ಎಣಿಸುತ್ತಿರುತ್ತದೆ.

“ಅಜ್ಜಾರ, ಇಲ್ಲಿಂದ ಹತ್ತಿ ಹೋಗತಿತ್ತಂತ, ಕೇಳೀರೇನು?”

“ಹತ್ತಿಯಾ? ಇಲ್ಲಿಂದಲಾ?” ಅವರು ನಕ್ಕರು. “ನಾನು ಕಂಡದ್ದು ಬಲೆಯ ಹತ್ತಿ ಮಾತ್ರ. ನಾನು ಹುಡುಗ ಇರುವಾಗ ಎಲ್ಲ ನೂಲಿನ ಬಲೆ. ನೈಲಾನು ಬಂದದ್ದು ಆಮೇಲೆ.”

ನೂಲಿನ ಬಲೆಯ ಮಾತು ಬಂದದ್ದೇ ತಡ, ಅಜ್ಜ ನಿಲ್ಲಲಿಲ್ಲ. ನೂಲು ಉಪ್ಪುನೀರಿಗೆ ಕೊಳೆಯುತ್ತದೆ. ಅದಕ್ಕೆ ಮರದ ತೊಗಟೆ ಕುದಿಸಿ, ಆ ಕೆಂಪು ಕಷಾಯದಲ್ಲಿ ಬಲೆ ಅದ್ದಿ ಒಣಗಿಸಬೇಕು. ಕೆಲವು ದಿನಕ್ಕೆ ಮತ್ತೆ ಅದ್ದಬೇಕು. ಮನೆಮಂದಿಯೆಲ್ಲ ಕೂತು ಹೆಣೆಯುವ ಕೆಲಸ, ಮಳೆಗಾಲವಿಡೀ ಅದೇ. “ಈಗ ಬಲೆ ಅಂಗಡಿಯಲ್ಲಿ ಸಿಗ್ತದೆ. ಹರಿದರೆ ಮಾತ್ರ ನನ್ನ ಹತ್ರ ಬರ್ತಾರೆ. ಮೊಮ್ಮಕ್ಕಳಿಗೆ ಸೂಜಿ ಹಿಡಿಯಲಿಕ್ಕೆ ಬರೂದಿಲ್ಲ.” ಬೆಟಗೇರಿಯಲ್ಲಿ ಇದೇ ಮಾತನ್ನು ಮಗ್ಗದ ಬಗ್ಗೆ ಎಷ್ಟು ಸಲ ಕೇಳಿದ್ದೇನೋ.

ಅವರ ದೂರು ಹತ್ತಿಯದಲ್ಲ, ಹೂಳಿನದು. ಅಳಿವೆಯ ಬಾಯಿಗೆ ಮರಳು ತುಂಬುತ್ತದೆ, ಭರತ ಬರುವ ತನಕ ದೋಣಿ ಕಾಯಬೇಕು, ದೊಡ್ಡ ಬೋಟುಗಳು ತದಡಿ ಬಂದರಿಗೆ ಹೋಗುತ್ತವೆ. “ಹೂಳು ತೆಗಿತೇವೆ ಅಂತ ಪ್ರತಿ ಸಲ ಯಾರಾದರೂ ಬಂದು ನೋಡ್ತಾರೆ. ನೀವೂ ಅದಕ್ಕೇ ಬಂದದ್ದು ಅಂದುಕೊಂಡೆ.” ಅಲ್ಲ ಎಂದು ಹೇಳಲು ನನಗೇ ಸಂಕೋಚವಾಯಿತು.

ನನ್ನ ದೂರು ಇನ್ನೊಂದು. ದಂಡೆಯುದ್ದಕ್ಕೂ ಅಡ್ಡಾಡಿದೆ. ಇಲ್ಲಿಂದ ಹತ್ತಿ ಹೋಗಿತ್ತು, ಬಯಲುಸೀಮೆಯ ಚಕ್ಕಡಿಗಳು ಇಲ್ಲಿ ತಂಗುತ್ತಿದ್ದವು ಎಂದು ಹೇಳುವ ಒಂದು ಫಲಕವೂ ನನ್ನ ಕಣ್ಣಿಗೆ ಬೀಳಲಿಲ್ಲ. ಕುಮಟೆಯವರನ್ನಷ್ಟೇ ಯಾಕೆ ಅನ್ನಬೇಕು? ಜವಾರಿ ಹತ್ತಿಯ ಜಯಧರ್ ತಳಿಯನ್ನೂ ನಾವು ಬಿ.ಟಿ. ಹತ್ತಿ ಬಂದ ಮೇಲೆ ಮೂಲೆಗೆ ಸರಿಸಿದ್ದೇವೆ. ಬಂದರು ಹತ್ತಿಯನ್ನು ಮರೆಯಿತು, ಹೊಲ ಬಂದರಿನ ಹೆಸರನ್ನು ಮರೆಯಿತು. ಲೆಕ್ಕ ಸಮವಾಯಿತು.

ಹಳೆಯ ನಂಟನ್ನು ಮತ್ತೆ ನೆನಪಿಸಿದ್ದು ಹತ್ತಿಯಲ್ಲ, ಹಕ್ಕಿ ಮತ್ತು ನೀರು. 2024ರ ಜನವರಿ 31ರಂದು ಪ್ರಕಟವಾದ, ಅಂತರರಾಷ್ಟ್ರೀಯ ಮಹತ್ವದ ಹೊಸ ರಾಮ್ಸಾರ್ ಜೌಗುತಾಣಗಳ ಪಟ್ಟಿಯಲ್ಲಿ ಕರ್ನಾಟಕದ ಮೂರು ಹೆಸರುಗಳಿದ್ದವು. ಒಂದು ಅಂಕಸಮುದ್ರ. ಇನ್ನೊಂದು ಇದೇ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆ: ಒಂದೂ ಅಣೆಕಟ್ಟಿಲ್ಲದೆ ಕಡಲು ಸೇರುವ ನದಿ, ಕೆಸರಿನಲ್ಲಿ ಚಿಪ್ಪಿ ಹೆಕ್ಕುವ ಹೆಂಗಸರು, ಉಪ್ಪುನೀರಲ್ಲೂ ತೆನೆ ಬಿಡುವ ಕಗ್ಗ ಭತ್ತ. ಮೂರನೆಯದು ನಮ್ಮ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳ ಬೀಡು.

ಸಂಜೆ ಹೆದ್ದಾರಿಯ ಬದಿಯಲ್ಲಿ ಜಡೆ ಕಟ್ಟಿ ತೂಗುಹಾಕಿದ್ದ ಕುಮಟಾದ ಸಿಹಿ ಈರುಳ್ಳಿ ಎರಡು ಗೊಂಚಲು ಕೊಂಡೆ. ಮನೆಯಲ್ಲಿ ಮಂಗಳಾರತಿ ತಪ್ಪಲಿಲ್ಲ: “ಗದಗಿನ್ಯಾಗ ಉಳ್ಳಾಗಡ್ಡಿ ಸಿಗಲಿಲ್ಲೇನು, ಸಮುದ್ರದ ತನಕ ಹೋಗಿ ತಂದೀರಿ?” ಹಸಿಯಾಗಿ ಕಚ್ಚಿ ತಿಂದ ಮೇಲೆ ಸುಮ್ಮನಾದರು.

ಕುಮಟಾ ಪುರಸಭೆಯವರಲ್ಲಿ, ಗದಗಿನ ಹತ್ತಿ ವರ್ತಕರಲ್ಲಿ ಒಂದೇ ವಿನಂತಿ. ಹೂಳು ತೆಗೆಯುವುದು ದೊಡ್ಡ ಕೆಲಸ, ಅದನ್ನು ಮಾಡಬೇಕಾದವರು ಮಾಡಲಿ. ಹೆಡ್ ಬಂದರಿನಲ್ಲಿ ಒಂದು ಕಲ್ಲು ನಿಲ್ಲಿಸಲು ಅಷ್ಟು ಹಣವೂ ಬೇಡ, ಅಷ್ಟು ಕಾಲವೂ ಬೇಡ. ಅದರ ಮೇಲೆ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ನಾಲ್ಕು ಊರಿನ ಹೆಸರಿದ್ದರೆ ಸಾಕು. ಬಲೆ ಹೆಣೆಯುವ ಅಜ್ಜ ಇರುವಾಗಲೇ ಆದರೆ ಇನ್ನೂ ಒಳ್ಳೆಯದು.