ಆಟಿಕೆಗೂ ಒಂದು ಲೈಬ್ರರಿ



ಊರಿನಲ್ಲಿ ನಾವು ಚಿಕ್ಕವರಾಗಿದ್ದಾಗ ಸೈಕಲ್ ಕಲಿತದ್ದು ಸ್ವಂತ ಸೈಕಲ್ಲಿನಲ್ಲಲ್ಲ. ಬೀದಿ ತಿರುವಿನ ಸೈಕಲ್ ಶಾಪಿನಲ್ಲಿ ಗಂಟೆಗೆ ಇಷ್ಟು ಎಂದು ಕೊಟ್ಟು, ಗಡಿಯಾರ ನೋಡಿಕೊಂಡು ತುಳಿದು, ಮೊಣಕಾಲು ತರಚಿಕೊಂಡು ವಾಪಸು ತಂದು ನಿಲ್ಲಿಸುತ್ತಿದ್ದೆವು. ಬೇಸಿಗೆ ರಜೆಯ ಕಥೆಪುಸ್ತಕಗಳು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ಬರುತ್ತಿದ್ದವು. ಮದುವೆ ಮನೆಯ ಹಂಡೆ, ಕೊಪ್ಪರಿಗೆ, ಶಾಮಿಯಾನ ಎಲ್ಲವೂ ಬಾಡಿಗೆಯವೇ. ಅದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ.

ಆದರೆ ಈ ದೇಶಕ್ಕೆ ಬಂದ ಮೇಲೆ ಅದೇಕೋ ಆ ಅಭ್ಯಾಸ ಬಿಟ್ಟುಹೋಯಿತು. ಮಗು ಅಂಗಡಿಯಲ್ಲಿ ಬೆರಳು ತೋರಿಸಿದರೆ ಕೊಂಡುಕೊಟ್ಟೆವು. ಹುಟ್ಟುಹಬ್ಬಕ್ಕೆ ಬಂದವರೂ ತಂದುಕೊಟ್ಟರು. ಕೆಲವು ವರ್ಷ ಮೆಲ್ಬರ್ನಿನಲ್ಲಿದ್ದು ಸಿಡ್ನಿಗೆ ಮನೆ ಬದಲಾಯಿಸುವಾಗ ನೋಡುತ್ತೇವೆ, ಪಾತ್ರೆಪಡಗಕ್ಕಿಂತ ಆಟಿಕೆಯ ರಟ್ಟಿನ ಪೆಟ್ಟಿಗೆಗಳೇ ಹೆಚ್ಚು! ಅವುಗಳಲ್ಲಿ ಅರ್ಧಕ್ಕರ್ಧ ಮಕ್ಕಳು ತಿಂಗಳುಗಟ್ಟಲೆ ಮುಟ್ಟಿಯೇ ಇರಲಿಲ್ಲ. ಲಾರಿಗೆ ಹಣ ಕೊಟ್ಟು ಅವನ್ನೆಲ್ಲ ಸಾಗಿಸಿ ತಂದರೂ, ಹೊಸ ಮನೆಗೆ ಬಂದ ವಾರದಲ್ಲೇ ಮಗ ಕೇಳಿದ್ದು, "ಅಮ್ಮಾ, ಹೊಸ ಲೆಗೊ ಸೆಟ್ ಯಾವಾಗ?"

ಆಗ ನೆರೆಯವರೊಬ್ಬರು ಟಾಯ್ ಲೈಬ್ರರಿಯ ವಿಷಯ ಹೇಳಿದರು. ನಮ್ಮ ಶಾಲೆಯ ಎಷ್ಟೋ ಪೋಷಕರಿಗೆ ಇದು ಇನ್ನೂ ಗೊತ್ತಿಲ್ಲ ಎಂದು ತಿಳಿದು, ನಾವು ಕಂಡದ್ದನ್ನೂ ಕಲಿತದ್ದನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಟಾಯ್ ಲೈಬ್ರರಿ ಎಂದರೇನು?

ಪುಸ್ತಕದ ಲೈಬ್ರರಿ ಹೇಗೋ ಇದೂ ಹಾಗೆಯೇ. ವರ್ಷಕ್ಕೊಮ್ಮೆ ಸದಸ್ಯತ್ವದ ಹಣ ಕಟ್ಟಬೇಕು. ಪ್ರತಿ ಸಲ ಕೆಲವು ಆಟಿಕೆಗಳನ್ನು ಆರಿಸಿ ಮನೆಗೆ ತಂದು, ಎರಡು ಮೂರು ವಾರ ಆಡಿ, ಹಿಂದಿರುಗಿಸಿ ಬೇರೆಯವನ್ನು ತರಬಹುದು. ಮರದ ರೈಲು, ಒಗಟಿನ ಚಿತ್ರಗಳು, ಬೋರ್ಡ್ ಆಟಗಳು, ತಳ್ಳುವ ಗಾಡಿಗಳು, ಲೆಗೊ ಮತ್ತು ಡುಪ್ಲೊ ಇಟ್ಟಿಗೆಗಳ ಸೆಟ್ಟುಗಳು, ಹೀಗೆ ನಾನಾ ಬಗೆ ಇರುತ್ತವೆ. ಆಸ್ಟ್ರೇಲಿಯಾದಲ್ಲಿ ಇಂಥವು ಇನ್ನೂರಕ್ಕೂ ಹೆಚ್ಚಿವೆ. ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಂತೂ ಇದು ಚೆನ್ನಾಗಿ ಬೇರೂರಿದೆ.

ಇವುಗಳಲ್ಲಿ ಹೆಚ್ಚಿನವು ಲಾಭಕ್ಕಾಗಿ ನಡೆಯುವ ಅಂಗಡಿಗಳಲ್ಲ. ಬಡಾವಣೆಯ ತಂದೆತಾಯಿಗಳೇ ಸೇರಿ ನಡೆಸುವಂಥವು. ಮೆಲ್ಬರ್ನಿನ ಗ್ಲೆನ್ ಐರಾ ಟಾಯ್ ಲೈಬ್ರರಿಯಂತೆ ಸ್ವಂತ ಹೆಸರಿನಲ್ಲಿ ನಡೆಯುವವು ಒಂದು ಬಗೆ. ಸಿಡ್ನಿಯ ರ‍್ಯಾಂಡ್‌ವಿಕ್‌ನಲ್ಲಿರುವಂತೆ ಕೌನ್ಸಿಲ್ ಲೈಬ್ರರಿಯ ಜೊತೆಗೇ ಇರುವವು ಇನ್ನೊಂದು ಬಗೆ. ಹಲವು ಕಡೆ ಸದಸ್ಯರು ವರ್ಷದಲ್ಲಿ ಕೆಲವು ಸಲ ಡ್ಯೂಟಿ ಮಾಡಬೇಕು, ಎಂದರೆ ಬಂದ ಆಟಿಕೆಗಳನ್ನು ಎಣಿಸುವುದು, ಒರೆಸುವುದು, ಮತ್ತೆ ಕಪಾಟಿನಲ್ಲಿ ಜೋಡಿಸುವುದು. ಡ್ಯೂಟಿ ಮಾಡಲಾಗದವರು ಸ್ವಲ್ಪ ಹೆಚ್ಚು ಶುಲ್ಕ ಕೊಡುತ್ತಾರೆ. ಹೊಸದಾಗಿ ಬಂದು ಯಾರ ಪರಿಚಯವೂ ಇಲ್ಲದ ತಾಯಂದಿರಿಗೆ ಈ ಡ್ಯೂಟಿಯೇ ದೊಡ್ಡ ಉಪಕಾರ. ನಮಗೆ ಸಿಡ್ನಿಯಲ್ಲಿ ಮೊದಲ ಸ್ನೇಹಿತರು ಸಿಕ್ಕಿದ್ದು ಒಗಟಿನ ತುಂಡುಗಳನ್ನು ಎಣಿಸುತ್ತಾ ಕುಳಿತಾಗಲೇ!

ಇದು ಎಲ್ಲಿಂದ ಬಂತು?

1935ರಲ್ಲಿ ಅಮೆರಿಕದಲ್ಲಿ ಆರ್ಥಿಕ ಕುಸಿತದ ಕಾಲ. ಲಾಸ್ ಏಂಜಲೀಸ್‌ನ ಅಂಗಡಿಯೊಂದರಲ್ಲಿ ಮಕ್ಕಳು ಸಣ್ಣಪುಟ್ಟ ಸಾಮಾನು ಕದಿಯುತ್ತಿದ್ದರಂತೆ. ವಿಚಾರಿಸಿದರೆ, ಆಡಲು ಏನೂ ಇಲ್ಲದೆ ತಾವೇ ಆಟಿಕೆ ಮಾಡಿಕೊಳ್ಳಲು ಹಾಗೆ ಮಾಡುತ್ತಿದ್ದರೆಂದು ತಿಳಿಯಿತು. ದೊಡ್ಡವರು ಅವರನ್ನು ದಂಡಿಸುವ ಬದಲು ಆಟಿಕೆ ಎರವಲು ಕೊಡುವ ಏರ್ಪಾಡು ಮಾಡಿದರು ಎನ್ನುತ್ತಾರೆ. ಲಾಸ್ ಏಂಜಲೀಸ್ ಕೌಂಟಿಯ ಆಟಿಕೆ ಎರವಲು ಯೋಜನೆ ಶುರುವಾದದ್ದು ಹೀಗೆ. 1963ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ, ಅಂಗವೈಕಲ್ಯವಿರುವ ಮಕ್ಕಳ ತಂದೆತಾಯಿಗಳು ಲೆಕೊಟೆಕ್ ಎಂಬ ಆಟಿಕೆ ಕೇಂದ್ರ ತೆರೆದರು. 1970ರ ದಶಕದ ಆರಂಭದಲ್ಲಿ ಮೆಲ್ಬರ್ನಿನಲ್ಲಿ ನೋವಾಸ್ ಆರ್ಕ್ ಸಂಸ್ಥೆ ಹುಟ್ಟಿದ್ದೂ ಅಂಥ ಮಕ್ಕಳಿಗೆ ಆಟಿಕೆ ಎರವಲು ಕೊಡುವುದಕ್ಕಾಗಿಯೇ. ಆಟ ಎಂಬುದು ಹಣವಿದ್ದವರ ಸೊತ್ತಲ್ಲ, ಎಲ್ಲ ಮಕ್ಕಳ ಹಕ್ಕು ಎಂಬ ಭಾವನೆ ಇದರ ಬುಡದಲ್ಲಿದೆ. 2024ರಿಂದ ವಿಶ್ವಸಂಸ್ಥೆಯೂ ಜೂನ್ 11ನ್ನು ಅಂತರರಾಷ್ಟ್ರೀಯ ಆಟದ ದಿನವೆಂದು ಆಚರಿಸುತ್ತಿದೆ.

ಇಟ್ಟಿಗೆಗಳು ಎರವಲಿಗೆ ಏಕೆ ಒಳ್ಳೆಯವು?

ಎಲ್ಲ ಆಟಿಕೆಗಳೂ ಹತ್ತು ಕೈ ಬದಲಾದರೆ ಉಳಿಯುವುದಿಲ್ಲ. ಆದರೆ ಈ ಇಟ್ಟಿಗೆಗಳು ಉಳಿಯುತ್ತವೆ. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನಲ್ಲಿ 1932ರಲ್ಲಿ ಬಡಗಿಯೊಬ್ಬರು ಆರಂಭಿಸಿದ ಕಂಪನಿ ಲೆಗೊ. ಈಗಿನ ಇಟ್ಟಿಗೆಯ ವಿನ್ಯಾಸಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಮೇಲೆ ಗುಬುಟುಗಳು, ಒಳಗೆ ಟೊಳ್ಳು ಕೊಳವೆಗಳು. ಒಂದರ ಗುಬುಟು ಇನ್ನೊಂದರ ಕೊಳವೆಗಳ ನಡುವೆ ಬಿಗಿಯಾಗಿ ಕೂರುತ್ತದೆ. 1958ರ ಇಟ್ಟಿಗೆ ಇಂದಿನ ಇಟ್ಟಿಗೆಗೂ ಕೂಡಿಕೊಳ್ಳುತ್ತದೆ. ಪುಟ್ಟ ಮಕ್ಕಳಿಗಾಗಿ 1969ರಲ್ಲಿ ಬಂದ ಡುಪ್ಲೊ ಉದ್ದ, ಅಗಲ, ಎತ್ತರ ಮೂರರಲ್ಲೂ ಎರಡು ಪಟ್ಟು ದೊಡ್ಡದು. ಅದೂ ಸಣ್ಣ ಇಟ್ಟಿಗೆಗಳ ಜೊತೆ ಸೇರುತ್ತದೆ.

ಮಕ್ಕಳೇ, ಒಂದು ಲೆಕ್ಕ ಕೇಳಿ. ಎಂಟು ಗುಬುಟುಗಳ, ಒಂದೇ ಬಣ್ಣದ ಎರಡು ಇಟ್ಟಿಗೆಗಳನ್ನು 24 ಬಗೆಯಲ್ಲಿ ಜೋಡಿಸಬಹುದು. ಅಂಥ ಆರು ಇಟ್ಟಿಗೆ ಇದ್ದರೆ? 91 ಕೋಟಿ 51 ಲಕ್ಷ 3 ಸಾವಿರದ 765 ಬಗೆ! ಕೈಯಲ್ಲಿರುವ ಆರೇ ತುಂಡುಗಳು ಇಡೀ ಜನ್ಮಕ್ಕೆ ಸಾಲುತ್ತವೆ.

ಗಟ್ಟಿಯಾಗಿರುವುದೇ ಇನ್ನೊಂದು ಕಡೆಯಿಂದ ತೊಂದರೆಯೂ ಹೌದು. ಸಮುದ್ರಕ್ಕೆ ಬಿದ್ದ ಲೆಗೊ ಇಟ್ಟಿಗೆ 100ರಿಂದ 1,300 ವರ್ಷದವರೆಗೆ ಉಳಿಯಬಹುದೆಂದು 2020ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು ಅಂದಾಜು ಮಾಡಿದ್ದಾರೆ. ಅಷ್ಟು ಕಾಲ ಬಾಳುವ ವಸ್ತು ಒಂದೇ ಮನೆಯ ಮಂಚದ ಕೆಳಗೆ ಧೂಳು ತಿನ್ನುವುದು ಸರಿಯೇ? ಇಪ್ಪತ್ತು ಮನೆಗಳು ಒಂದೊಂದು ಸೆಟ್ಟು ಕೊಳ್ಳುವ ಬದಲು ಒಂದೇ ಸೆಟ್ಟು ಇಪ್ಪತ್ತು ಮನೆ ಸುತ್ತಿದರೆ ಉಳಿತಾಯ ಯಾರಿಗೆ ಎಂದು ನೀವೇ ಲೆಕ್ಕ ಹಾಕಿ.

ಕಡಿಮೆ ಆಟಿಕೆ, ಹೆಚ್ಚು ಆಟ

ಅಮೆರಿಕದ ಟೊಲೀಡೊ ವಿಶ್ವವಿದ್ಯಾಲಯದವರು 36 ಪುಟ್ಟ ಮಕ್ಕಳಿಗೆ ಒಮ್ಮೆ 4 ಆಟಿಕೆ, ಇನ್ನೊಮ್ಮೆ 16 ಆಟಿಕೆ ಕೊಟ್ಟು ನೋಡಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆ ಹೆಚ್ಚು ಹೊತ್ತು, ಹೆಚ್ಚು ಬಗೆಯಲ್ಲಿ ಆಡಿದರು. 2018ರಲ್ಲಿ ಪ್ರಕಟವಾದ ಈ ವಿಷಯ ನಮ್ಮ ಅಜ್ಜಿಯಂದಿರಿಗೆ ಮೊದಲೇ ಗೊತ್ತಿತ್ತೋ ಏನೋ. ದಸರಾ ಗೊಂಬೆಗಳನ್ನು ಅವರು ವರ್ಷವಿಡೀ ಹೊರಗಿಡುತ್ತಿರಲಿಲ್ಲ. ಹಳೆಯ ಸೀರೆಯಲ್ಲಿ ಸುತ್ತಿ ಪೆಟ್ಟಿಗೆಗೆ ಸೇರಿಸಿ, ನವರಾತ್ರಿಗೆ ತೆಗೆದಾಗ ಅದೇ ಪಟ್ಟದ ಗೊಂಬೆ ಹೊಸತಾಗಿ ಕಾಣುತ್ತಿತ್ತು. ಟಾಯ್ ಲೈಬ್ರರಿಯ ಆಟಿಕೆಯೂ ಹಾಗೆಯೇ; ಹೋಗಿ ಬರುವುದರಿಂದ ಅದಕ್ಕೆ ಬೆಲೆ.

ಎರಡು ಕಷ್ಟಗಳು

ಎಲ್ಲವೂ ಸಲೀಸಲ್ಲ, ನಿಜ ಹೇಳಬೇಕು. ಮೊದಲನೆಯದು ಕಳೆದುಹೋಗುವ ತುಂಡು. ನಾವು ತಂದ ಎರಡನೆಯ ಸೆಟ್ಟಿನಲ್ಲೇ ಒಂದು ಪುಟ್ಟ ಕೆಂಪು ಚಕ್ರ ಕಾಣೆಯಾಯಿತು. "ಒಂದು ತುಂಡು ತಾನೇ, ಅವರಿಗೆಲ್ಲಿ ಗೊತ್ತಾಗುತ್ತೆ ಬಿಡಿ" ಎಂದು ನಾವೇ ಹೇಳಿಬಿಟ್ಟೆವು. ಆರು ವರ್ಷದ ಮಗ ನಮ್ಮ ಮುಖ ನೋಡಿ, "ಮುಂದಿನ ಮಗುವಿನ ಕಾರು ಹೇಗೆ ಓಡುತ್ತೆ?" ಎಂದ. ನಮಗೆ ಉತ್ತರವಿರಲಿಲ್ಲ. ರಾತ್ರಿ ವ್ಯಾಕ್ಯೂಮ್ ಕ್ಲೀನರಿನ ಚೀಲವನ್ನು ಹಳೆಯ ಪೇಪರಿನ ಮೇಲೆ ಸುರಿದು ಹುಡುಕಿದೆವು. ಸಿಗಲಿಲ್ಲ. ಮರುದಿನ ಅವನೇ ಕೌಂಟರಿಗೆ ಹೋಗಿ ಒಪ್ಪಿಕೊಂಡ. ಅಲ್ಲಿನವರು ಗದರಲಿಲ್ಲ, ಚೀಟಿಯಲ್ಲಿ ಬರೆದುಕೊಂಡು ಸಣ್ಣ ಮೊತ್ತ ತೆಗೆದುಕೊಂಡರು. ಆ ನಾಲ್ಕು ಕಾಸಿಗೆ ನಮ್ಮ ಮನೆಯವರೆಲ್ಲ ಕಲಿತ ಪಾಠ ದೊಡ್ಡದು.

ಎರಡನೆಯದು ಇನ್ನೂ ಕಷ್ಟ. ಕಟ್ಟಿದ್ದನ್ನು ಕೆಡವಿ ಕೊಡಬೇಕು. ಆಗ ಊರಿನಿಂದ ಅತ್ತೆಯವರು ಬಂದಿದ್ದರು. ಮೊದಲ ದಿನ, "ಮೊಮ್ಮಗನಿಗೆ ಬಾಡಿಗೆ ಆಟಿಕೆಯೇ? ನಾನು ಕೊಡಿಸ್ತೀನಿ ಬಿಡಿ" ಎಂದು ಮುಖ ಸಣ್ಣದು ಮಾಡಿಕೊಂಡವರು, ವಾರದಲ್ಲಿ ಅವನ ಜೊತೆ ನೆಲದ ಮೇಲೆ ಕುಳಿತು ತಮ್ಮ ತವರಿನ ತೊಟ್ಟಿಮನೆ ಕಟ್ಟಿಸಿದ್ದರು. ನಡುವೆ ಮಳೆ ಬೀಳುವ ತೊಟ್ಟಿ, ಸುತ್ತ ಕಂಬ, ಹಿಂದೆ ಕೊಟ್ಟಿಗೆ. ಹಿಂದಿರುಗಿಸುವ ದಿನ ಬಂದಾಗ ಹುಡುಗ ಅದನ್ನು ತಬ್ಬಿಕೊಂಡು ಅತ್ತ. ನಮಗೂ ಕೊಂಡುಕೊಟ್ಟುಬಿಡೋಣ ಎನ್ನಿಸಿತು. ಅತ್ತೆಯವರೇ ಅವನನ್ನು ಮಡಿಲಿಗೆ ಕರೆದು, "ಚೌತಿಗೆ ಮಣ್ಣಿನ ಗಣಪನ್ನ ಏನು ಮಾಡ್ತೀವಿ ಪುಟ್ಟಾ? ಅಷ್ಟು ಚೆಂದ ಪೂಜೆ ಮಾಡಿ ನೀರಿಗೆ ಬಿಡಲ್ವಾ? ಮುಂದಿನ ವರ್ಷ ಮತ್ತೆ ಬರ್ತಾನೆ" ಎಂದರು. ಅವನು ತಕ್ಷಣ ಒಪ್ಪಲಿಲ್ಲ. ಫೋಟೋ ತೆಗೆಸಿಕೊಂಡ, ಚಿತ್ರ ಬರೆದ, ಆಮೇಲೆ ಅಜ್ಜಿಯ ಜೊತೆ ಒಂದೊಂದೇ ಕಂಬ ಬಿಚ್ಚಿದ. ಅತ್ತೆಯವರು ಊರಿಗೆ ಹೋದ ಮೇಲೆ ಆ ಚಿತ್ರ ನಮ್ಮ ಫ್ರಿಜ್ಜಿನ ಮೇಲೆ ಉಳಿದಿದೆ.

ತರುವ ಮೊದಲು ಗಮನಿಸಿ

1. ಪೆಟ್ಟಿಗೆಯ ಮೇಲಿನ ಪಟ್ಟಿ ನೋಡಿ ತುಂಡುಗಳನ್ನು ಅಲ್ಲಿಯೇ ಎಣಿಸಿ. ಮೊದಲೇ ಇಲ್ಲದ್ದಿದ್ದರೆ ಆಗಲೇ ಹೇಳಿ ಬರೆಸಿ.

2. ಮನೆಯಲ್ಲಿ ಒಂದು ಹಳೆಯ ಬೆಡ್‌ಶೀಟ್ ಹಾಸಿ ಅದರ ಮೇಲೆಯೇ ಆಡಿಸಿ. ಆಟ ಮುಗಿದ ಮೇಲೆ ನಾಲ್ಕೂ ಮೂಲೆ ಎತ್ತಿದರೆ ಎಲ್ಲ ಒಟ್ಟಾಗುತ್ತದೆ. ರಾತ್ರಿ ಅಂಗಾಲಿಗೆ ಚುಚ್ಚುವುದೂ ತಪ್ಪುತ್ತದೆ!

3. ಮೂರು ವರ್ಷದೊಳಗಿನ ಮಗುವಿದ್ದರೆ ಸಣ್ಣ ತುಂಡುಗಳ ಸೆಟ್ಟು ಬೇಡ, ಗಂಟಲಿಗೆ ಸಿಕ್ಕಿಕೊಳ್ಳಬಹುದು. ಡುಪ್ಲೊ ತನ್ನಿ.

4. ಬಟನ್ ಬ್ಯಾಟರಿ ಇರುವ ಆಟಿಕೆಯಾದರೆ ಅದರ ಮುಚ್ಚಳ ಭದ್ರವಾಗಿದೆಯೇ ನೋಡಿ. ನುಂಗಿದರೆ ಪ್ರಾಣಾಪಾಯ. ಇದಕ್ಕಾಗಿ ಆಸ್ಟ್ರೇಲಿಯಾದಲ್ಲಿ 2022ರ ಜೂನ್ 22ರಿಂದ ಕಡ್ಡಾಯ ನಿಯಮವಿದೆ. ಅದಕ್ಕಿಂತ ಹಳೆಯ ಆಟಿಕೆಗಳಲ್ಲಿ ಎಚ್ಚರ ಬೇಕು.

5. ಇಟ್ಟಿಗೆಗಳನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಕೈಯಿಂದಲೇ ತೊಳೆಯಿರಿ. ನೀರು 40 ಡಿಗ್ರಿ ಮೀರದಿರಲಿ. ಡಿಶ್‌ವಾಷರ್, ವಾಷಿಂಗ್ ಮೆಷಿನ್ ಬೇಡ, ಆಕಾರ ಕೆಡುತ್ತದೆ. ಗಾಳಿಗೆ ಒಣಗಿಸಿ.

ಹಾಗಾದರೆ ಆಟಿಕೆಯನ್ನು ಕೊಳ್ಳಲೇಬಾರದೇ? ಹಾಗಲ್ಲ. ಮಗು ಯಾವ ಆಟಿಕೆಯನ್ನು ಮತ್ತೆ ಮತ್ತೆ ಕೇಳಿ ತರುತ್ತದೋ ಅದನ್ನು ಹುಟ್ಟುಹಬ್ಬಕ್ಕೆ ಕೊಡಿಸಿ. ಅದು ಖಂಡಿತ ಮೂಲೆಗೆ ಬೀಳುವುದಿಲ್ಲ.

ಇಟ್ಟಿಗೆಯಲ್ಲಿ ಕನ್ನಡ

ಭಾಷಾ ಶಿಕ್ಷಕರಾಗಿ ಇದೊಂದು ಮಾತು ಹೇಳದಿದ್ದರೆ ಹೇಗೆ? "ನೀಲಿ ಇಟ್ಟಿಗೆಯ ಮೇಲೆ ಹಳದಿ ಇಡು", "ಮನೆಯಿಂದ ನಾಯಿಯನ್ನು ಹೊರಗೆ ತಾ", "ಕಂಬದ ಪಕ್ಕದಲ್ಲಿ ಅಜ್ಜಿಯನ್ನು ಕೂರಿಸು". ಬಣ್ಣ, ಸಂಖ್ಯೆ, ವಿಭಕ್ತಿ ಎಲ್ಲ ತಾನಾಗಿ ಬಾಯಿಗೆ ಬರುತ್ತವೆ. ತರಗತಿಯಲ್ಲಿ ಕನ್ನಡಕ್ಕೆ ತುಟಿ ಬಿಚ್ಚದ ಮಕ್ಕಳೂ ಇಟ್ಟಿಗೆ ಕೈಗೆ ಬಂದರೆ ಮಾತನಾಡುವುದನ್ನು ನಾವು ಕಂಡಿದ್ದೇವೆ. ಹಿಂದಿರುಗಿಸುವ ಮೊದಲು, ಕಟ್ಟಿದ್ದರ ಬಗ್ಗೆ ಮೂರೇ ವಾಕ್ಯ ಕನ್ನಡದಲ್ಲಿ ಬರೆಸಿ ನೋಡಿ. ವರ್ಷದ ಕೊನೆಗೆ ಒಂದು ಪುಸ್ತಕವೇ ಆಗುತ್ತದೆ.

ನಿಮ್ಮ ಹತ್ತಿರ ಯಾವ ಟಾಯ್ ಲೈಬ್ರರಿ ಇದೆ ಎಂದು ಟಾಯ್ ಲೈಬ್ರರೀಸ್ ಆಸ್ಟ್ರೇಲಿಯಾ ಎಂಬ ರಾಷ್ಟ್ರೀಯ ಸಂಸ್ಥೆಯ ಮೂಲಕ, ಇಲ್ಲವೇ ನಿಮ್ಮ ಕೌನ್ಸಿಲ್ ಲೈಬ್ರರಿಯಲ್ಲಿ ವಿಚಾರಿಸಿ ತಿಳಿಯಬಹುದು. ಒಂದು ಶನಿವಾರ ಮಕ್ಕಳ ಕೈ ಹಿಡಿದು ಹೋಗಿ ಬನ್ನಿ. ಊರಿನಿಂದ ಅಜ್ಜಿ ತಾತ ಬಂದಿದ್ದರೆ ಅವರನ್ನೂ ತಪ್ಪದೆ ಕರೆದುಕೊಂಡು ಹೋಗಿ. ಮಕ್ಕಳೇ, ನೀವು ಏನು ಕಟ್ಟಿದಿರಿ ಎಂಬುದನ್ನು ಮುಂದಿನ ವಾರದ ತರಗತಿಯಲ್ಲಿ ನಮಗೆ ಹೇಳಬೇಕು, ಆದರೆ ಕನ್ನಡದಲ್ಲಿ!