ಪಕ್ಕದ ಗಾಜಿಗೆ ಬಣ್ಣ ಏಕೆ ಹತ್ತುವುದಿಲ್ಲ? ಬೆಸುಗೆ ಕಲೆಯಿಂದ ಒಂದು ರಸಾಯನ ಪಾಠ

ಸ್ಥಾನಪಲ್ಲಟ ಕ್ರಿಯೆಯ ಪಾಠಕ್ಕೆ ಬೋಧನಾಭ್ಯಾಸದಲ್ಲಿ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ಆಯ್ದುಕೊಳ್ಳುವ ಪ್ರಾತ್ಯಕ್ಷಿಕೆ ಒಂದೇ: ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಕಬ್ಬಿಣದ ಮೊಳೆ. ಪ್ರಯೋಗ ಒಳ್ಳೆಯದೇ. ಆದರೆ ಉತ್ತರ ಪಠ್ಯಪುಸ್ತಕದಲ್ಲೇ ಇರುವುದರಿಂದ ಮಕ್ಕಳು ಮೊಳೆಯನ್ನು ನೋಡುವ ಮೊದಲೇ 'ಕಂದು ಬಣ್ಣ' ಎಂದು ಬರೆದುಬಿಡುತ್ತಾರೆ. ಅದೇ ಕ್ರಿಯೆ ಬಣ್ಣದ ಗಾಜಿನ ಕುಶಲಕಲೆಯಲ್ಲೂ ನಡೆಯುತ್ತದೆ. ಅಲ್ಲಿ ಊಹೆಗೆ ಅವಕಾಶವಿದೆ.

ಮೈಸೂರು ಅರಮನೆಯ ಕಲ್ಯಾಣ ಮಂಟಪದ ಬಣ್ಣದ ಗಾಜಿನ ಚಾವಣಿಯನ್ನು ಅನೇಕ ಮಕ್ಕಳು ಶಾಲಾ ಪ್ರವಾಸದಲ್ಲಿ ನೋಡಿರುತ್ತಾರೆ. ಪೂರ್ವಜ್ಞಾನದ ಪ್ರಶ್ನೆಯನ್ನು ಅಲ್ಲಿಂದ ಎತ್ತಿಕೊಳ್ಳಬಹುದು: ಗಾಜಿನ ಚೂರುಗಳನ್ನು ಒಂದಕ್ಕೊಂದು ಹೇಗೆ ಜೋಡಿಸುತ್ತಾರೆ? ಚರ್ಚುಗಳ ದೊಡ್ಡ ಕಿಟಕಿಗಳಲ್ಲಿ ಸೀಸದ ಪಟ್ಟಿಗಳ ಗಾಡಿಯೊಳಗೆ ಗಾಜನ್ನು ಕೂರಿಸುವುದು ಹಳೆಯ ಕ್ರಮ. ಅಮೆರಿಕದ ಲೂಯಿಸ್ ಕಂಫರ್ಟ್ ಟಿಫನಿ (1848–1933) ಹೆಸರಿನ ದೀಪಗಳಲ್ಲಿ ಕಾಣುವ ಕ್ರಮ ಬೇರೆ. ಪ್ರತಿ ಚೂರಿನ ಅಂಚಿಗೂ ತೆಳುವಾದ ತಾಮ್ರದ ಪಟ್ಟಿ ಸುತ್ತಿ, ಚೂರುಗಳನ್ನು ಒತ್ತಾಗಿಟ್ಟು, ಪಟ್ಟಿಯ ಮೇಲೆ ಬೆಸುಗೆ ಹರಿಸುತ್ತಾರೆ. ಸಾಮಾನ್ಯ ಬೆಸುಗೆ ಗಾಜಿಗೆ ಅಂಟದು, ತಾಮ್ರಕ್ಕೆ ಅಂಟುತ್ತದೆ. ಅದಕ್ಕೂ ಮೊದಲು ತಾಮ್ರದ ಮೇಲಿನ ಆಕ್ಸೈಡ್ ಪದರ ಹೋಗಬೇಕು. ಆ ಕೆಲಸ ಫ್ಲಕ್ಸಿನದು. ಪಾತ್ರೆಗೆ ಕಲಾಯಿ ಹಾಕುವವರು ನವಸಾಗರ ಉಜ್ಜುವುದೂ ಇದಕ್ಕಾಗಿಯೇ.

ಬೆಸುಗೆಯು ತವರ ಮತ್ತು ಸೀಸದ ಮಿಶ್ರಲೋಹ. ಶುದ್ಧ ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸೀಸ 327ರಲ್ಲಿ. ಆದರೆ 63 ಪಾಲು ತವರ, 37 ಪಾಲು ಸೀಸ ಸೇರಿದರೆ 183ಕ್ಕೇ ಪೂರ್ತಿ ಕರಗುತ್ತದೆ, ತಣ್ಣಗಾದೊಡನೆ ಗಟ್ಟಿಯಾಗುತ್ತದೆ. ಅಲಂಕಾರಕ್ಕೆ ಬೇಕಾದದ್ದು ಈ ಗುಣವೇ. ಕಾದ ಕಬ್ಬಿಣದ ತುದಿಯಲ್ಲಿ ತುಸು ಬೆಸುಗೆ ಹಿಡಿದು, ತಣಿದ ಗೆರೆಗೆ ತಾಗಿಸಿ ನೇರವಾಗಿ ಎತ್ತಿದರೆ ಸಣ್ಣ ಮುತ್ತು ನಿಲ್ಲುತ್ತದೆ. ಒಂದು ಕ್ಷಣ ಹೆಚ್ಚು ತಡೆದರೆ ಕೆಳಗಿನ ಗೆರೆಯೂ ಕರಗಿ ಮುತ್ತು ಅದರೊಳಗೆ ಇಳಿದುಹೋಗುತ್ತದೆ. ತುದಿಯಿಂದ ಮೆಲ್ಲಗೆ ತಟ್ಟುತ್ತಾ ಹೋದರೆ ಮರದ ತೊಗಟೆಯಂಥ ಒರಟು ಮೈ ಬರುತ್ತದೆ.

ಹೀಗೆ ಮುಗಿದ ಗೆರೆ ಬೆಳ್ಳಿಯಂತೆ ಹೊಳೆಯುತ್ತದೆ. ಅದಕ್ಕೆ ತಾಮ್ರದ ಛಾಯೆ ಬೇಕಾದರೆ ತಾಮ್ರದ ಸಲ್ಫೇಟ್ ದ್ರಾವಣ ಸವರುತ್ತಾರೆ. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಮಾಡಲು ತರುವ ಮೈಲುತುತ್ತವೇ ಅದು. ಪಾಠದ ತಿರುಳು ಇಲ್ಲಿದೆ. ನೀಲಿ ದ್ರಾವಣ ಗೆರೆಯನ್ನು ಕೆಂಪಗೆ ಮಾಡಿತು. ಪಕ್ಕದ ಗಾಜಿಗೂ ಅದೇ ದ್ರಾವಣ ತಾಗಿದೆ, ಅದೇಕೆ ಕೆಂಪಾಗಲಿಲ್ಲ? ಬಳಿದ ಬಣ್ಣವಾಗಿದ್ದರೆ ಎರಡಕ್ಕೂ ಹತ್ತಬೇಕಿತ್ತು. ತವರವು ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ. ತಾನು ದ್ರಾವಣಕ್ಕೆ ಇಳಿದು ತಾಮ್ರವನ್ನು ತನ್ನ ಮೇಲೆ ಕೂರಿಸಿಕೊಳ್ಳುತ್ತದೆ. ಗಾಜಿಗೆ ಆ ಶಕ್ತಿಯಿಲ್ಲ. ಈ ಉತ್ತರವನ್ನು ಶಿಕ್ಷಕರು ಹೇಳಬಾರದು. ಎರಡು ನಿಮಿಷ ತರಗತಿ ಮೌನವಾಗಿದ್ದರೂ ಕಾಯಬೇಕು. ಗೆರೆಯ ಮೇಲೆ ಫ್ಲಕ್ಸಿನ ಜಿಡ್ಡು ಉಳಿದಿದ್ದರೆ ಬಣ್ಣ ಮಚ್ಚೆ ಮಚ್ಚೆಯಾಗಿ ಬರುತ್ತದೆ. ಅದಕ್ಕೂ ಮಕ್ಕಳೇ ಕಾರಣ ಹುಡುಕಲಿ.

ಬೆಸುಗೆ ಹಾಕುವ ಕೆಲಸವನ್ನು ಮಾತ್ರ ಮಕ್ಕಳ ಕೈಗೆ ಕೊಡಕೂಡದು. ಹೊಗೆಯೆಲ್ಲ ಸೀಸದ ಆವಿ ಎಂಬ ಮಾತು ಸರಿಯಲ್ಲ. ಸೀಸ ಕುದಿಯಲು 1,700 ಡಿಗ್ರಿಗಿಂತ ಹೆಚ್ಚು ಬೇಕು. ಕಾಣುವುದು ಫ್ಲಕ್ಸಿನ ಹೊಗೆ, ಅದೂ ಉಸಿರಾಟಕ್ಕೆ ಕೆಟ್ಟದ್ದೇ. ಸೀಸ ದೇಹ ಸೇರುವ ದಾರಿ ಮುಖ್ಯವಾಗಿ ಕೈಯಿಂದ ಬಾಯಿಗೆ. ಆದ್ದರಿಂದ ತರಗತಿಗೆ ಸೀಸರಹಿತ ಬೆಸುಗೆ ತಂತಿ ಸಾಕು. ಅದರಲ್ಲಿ ಬಹುಪಾಲು ತವರವೇ ಇರುತ್ತದೆ. ಉಜ್ಜುಕಾಗದದಿಂದ ಚೆನ್ನಾಗಿ ತಿಕ್ಕಿ, ಅರ್ಧ ಭಾಗಕ್ಕೆ ಉಗುರುಬಣ್ಣ ಹಚ್ಚಿ ಒಣಗಿಸಿ, ಗಾಜಿನ ಚೂರೊಂದರ ಜೊತೆ ಬಿಸಿ ದ್ರಾವಣದಲ್ಲಿ ಶಿಕ್ಷಕರೇ ಇಳಿಬಿಡಬೇಕು. ಕೈಗವಸು, ಕನ್ನಡಕ ಕಡ್ಡಾಯ. ಕಪ್ಪು ಛಾಯೆ ಕೊಡುವ ಸಿದ್ಧ ದ್ರಾವಣಗಳಲ್ಲಿ ವಿಷಕಾರಿ ಸೆಲೆನಿಯಂ ಸಂಯುಕ್ತಗಳಿರುವುದುಂಟು. ಅವು ಶಾಲೆಗೆ ಬೇಡ. ಪಾಠದ ಹಿಂದಿನ ದಿನವೇ ಒಮ್ಮೆ ಮಾಡಿ ನೋಡಿ, ಬಣ್ಣ ಬರಲು ಎಷ್ಟು ನಿಮಿಷ ಬೇಕೆಂಬುದನ್ನು ಪಾಠಯೋಜನೆಯ ಅಂಚಿನಲ್ಲಿ ಗುರುತು ಹಾಕಿಕೊಳ್ಳಿ.