ಆಟಿಸಂ ಕೇಂದ್ರ ಮತ್ತು ಮನೆಯ ಕನ್ನಡ

ವಿಶ್ವವಿದ್ಯಾಲಯವೊಂದು ಆಟಿಸಂ ಕೇಂದ್ರ ತೆರೆದರೆ ಮುಂಬೈನ ಕನ್ನಡ ಮನೆಗಳಿಗೆ ಏನು ಉಪಯೋಗ? ಇವತ್ತು ಇದರ ಬಗ್ಗೆ ಮಾತಾಡೋಣ. ನಾನು ಸಾಫ್ಟ್‌ವೇರ್ ಎಂಜಿನಿಯರ್, ಡಾಕ್ಟರ್ ಅಲ್ಲ. ಹಾಗಾಗಿ ಚಿಕಿತ್ಸೆಯ ಸಲಹೆ ಕೊಡಲ್ಲ, ವ್ಯವಸ್ಥೆ ಹೇಗೆ ಕೆಲಸ ಮಾಡತ್ತೆ ಅಂತ ಮಾತ್ರ ಹೇಳ್ತೀನಿ.

ಆಟಿಸಂ, ಅಂದ್ರೆ ಸ್ವಲೀನತೆ, ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ಬೇರೆಯವರೊಂದಿಗೆ ಬೆರೆಯೋದು, ಮಾತುಕತೆ ಕಷ್ಟವಾಗಬಹುದು. ಕೆಲವು ಮಕ್ಕಳಿಗೆ ಜೋರು ಸದ್ದು ತಡೆಯೋಕಾಗಲ್ಲ. ರಕ್ತಪರೀಕ್ಷೆ, ಸ್ಕ್ಯಾನ್‌ನಿಂದ ಇದು ಗೊತ್ತಾಗಲ್ಲ. ಮಗುವನ್ನು ಗಮನಿಸಿ, ಮನೆಯವರನ್ನು ಕೇಳಿ ತಿಳಿಯಬೇಕು. ಹಾಗಾಗಿ ಯಾವ ಭಾಷೆಯಲ್ಲಿ ಕೇಳ್ತಾರೆ ಅನ್ನೋದು ತುಂಬಾ ಮುಖ್ಯ.

ನಮ್ಮ ಬಾಂದ್ರಾದಲ್ಲೇ 1983ರಿಂದ ಅಲಿ ಯಾವರ್ ಜಂಗ್ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆ ಇದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರದ್ದು. ಎರಡೂ ಕಡೆ ವಾಕ್ ಚಿಕಿತ್ಸಕರ ತರಬೇತಿ, ಕ್ಲಿನಿಕ್, ಸಂಶೋಧನೆ ಒಂದೇ ಸೂರಿನಡಿ ಇವೆ. ಹೀಗಿದ್ದರೆ ಕ್ಲಿನಿಕ್‌ನಲ್ಲಿ ಕಂಡ ತೊಂದರೆ ಸಂಶೋಧಕರಿಗೆ ಪ್ರಶ್ನೆಯಾಗತ್ತೆ, ಅವರು ಕಂಡುಕೊಂಡಿದ್ದು ಮುಂದಿನ ಮಗುವಿಗೆ ಸಿಗತ್ತೆ.

ಇನ್ನೊಂದು ಉದಾಹರಣೆ ಪಕ್ಕದ ಗೋವಾದ್ದು. ಬ್ರಿಟನ್ನಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಬೆಳೆಸಿದ ಒಂದು ವಿಧಾನ ಇದೆ. ಅಪ್ಪ ಅಮ್ಮ ಮಗುವಿನ ಜೊತೆ ಆಡೋದನ್ನ ವಿಡಿಯೋ ಮಾಡಿ, ಆಮೇಲೆ ಅವರ ಜೊತೆ ಕೂತು ನೋಡಿ, ಮಗು ಯಾವಾಗ ಸ್ಪಂದಿಸಿತು ಅಂತ ಚರ್ಚಿಸ್ತಾರೆ. ಗೋವಾದ ಸಂಗಾತ್ ಸಂಸ್ಥೆ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯ ತಂಡ ಇದನ್ನು ಇಲ್ಲಿಗೆ ಒಗ್ಗಿಸಿ 65 ಮಕ್ಕಳೊಂದಿಗೆ ಪ್ರಯೋಗ ನಡೆಸಿದವು. ಕಲಿಸಿದವರು ತಜ್ಞರಲ್ಲ, ತರಬೇತಿ ಪಡೆದ ಕಾರ್ಯಕರ್ತರು. ಆರು ತಿಂಗಳಲ್ಲಿ 12 ಭೇಟಿ, ಅಷ್ಟೇ. ಮಕ್ಕಳು ತಾವಾಗಿಯೇ ಅಪ್ಪ ಅಮ್ಮನ ಜೊತೆ ಸಂವಹನ ಶುರುಮಾಡೋದು ಹೆಚ್ಚಾಯ್ತು. ಎಲ್ಲ ಅಳತೆಯಲ್ಲೂ ಸುಧಾರಣೆ ಕಾಣಲಿಲ್ಲ, ಅದನ್ನೂ ಹೇಳಬೇಕು.

ಈಗ ನಮ್ಮ ವಿಷಯಕ್ಕೆ ಬರೋಣ. ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ಇರೋ ಮಗುವಿಗೆ ಮನೆಯಲ್ಲಿ ಕನ್ನಡ, ಕಟ್ಟಡದ ಕೆಳಗೆ ಹಿಂದಿ, ಮರಾಠಿ, ಸ್ಕೂಲಲ್ಲಿ ಇಂಗ್ಲಿಷ್. ಮಾತು ತಡವಾದರೆ ಸಾಕು, "ಕನ್ನಡ ಬಿಡಿ, ಒಂದೇ ಭಾಷೆ ಸಾಕು" ಅನ್ನೋ ಸಲಹೆ ಬರತ್ತೆ. ಆದರೆ ಕೆನಡಾದಲ್ಲಿ ನಡೆದ ಅಧ್ಯಯನಗಳಲ್ಲಿ, ಎರಡು ಭಾಷೆ ಕೇಳಿ ಬೆಳೆದ ಆಟಿಸಂ ಇರೋ ಮಕ್ಕಳು ಒಂದೇ ಭಾಷೆಯವರಿಗಿಂತ ಹಿಂದೆ ಬಿದ್ದಿದ್ದು ಕಾಣಲಿಲ್ಲ. ಕನ್ನಡ ಬಿಟ್ಟರೆ ಅಜ್ಜಿ ಜೊತೆ ಮಾತೇ ನಿಲ್ಲತ್ತೆ. ಅಮ್ಮನೂ ತನಗೆ ಸರಾಗವಲ್ಲದ ಭಾಷೆಯಲ್ಲಿ ಮುದ್ದು ಮಾಡಬೇಕಾಗತ್ತೆ.

ಹಾಗಾಗಿ ಯಾವುದೇ ಕೇಂದ್ರಕ್ಕೆ ಹೋದಾಗ ಕೇಳಿ: ಮಗುವನ್ನು ಕನ್ನಡದಲ್ಲೂ ಪರೀಕ್ಷಿಸ್ತೀರಾ? ಮನೆಯಲ್ಲಿ ಮಾಡೋದನ್ನ ನಮ್ಮ ಭಾಷೆಯಲ್ಲಿ ಕಲಿಸ್ತೀರಾ? ಮುಂಬೈ ವಿಶ್ವವಿದ್ಯಾಲಯದಲ್ಲಿ 1978ರಿಂದ ಕನ್ನಡ ವಿಭಾಗ ಇದೆ. ಇಂಥ ಕೇಂದ್ರಗಳು ಅದರ ನೆರವು ಕೇಳಬಹುದು. ಆದರೆ ಹೊಸ ಕೇಂದ್ರ ಬರಲಿ ಅಂತ ಕಾಯಬೇಡಿ. ಅನುಮಾನ ಇದ್ದರೆ ಈಗಲೇ ಮಗುವನ್ನು ತೋರಿಸಿ, ಮನೆಯಲ್ಲಿ ಕನ್ನಡ ಮಾತಾಡ್ತಾ ಇರಿ.